ಎಂಟು ಸಾಕ್ರೀ, ಇಪ್ಪತ್ತು ಯಾಕ?

ಮೊನ್ನೆ ಆಫೀಸಿನ ಕ್ಯಾಂಟೀನಿನಲ್ಲಿ ಗೆಳೆಯನೊಬ್ಬ ಮೊಬೈಲು ತಂದು ಮುಖದ ಮುಂದೆ ಹಿಡಿದ. ಪರದೆ ತುಂಬ ಬೈನಾಕ್ಯುಲರ್‌ಗಳು. "ಹಕ್ಕಿ ನೋಡೋಕೆ ಶುರು ಮಾಡೋಣ ಅಂತಿದೀನಿ ಕಣೋ. 12 ಎಕ್ಸ್ ತಗೊಳ್ಳಲಾ, 20 ಎಕ್ಸ್ ತಗೊಳ್ಳಲಾ? ರೇಟು ಹೆಚ್ಚುಕಮ್ಮಿ ಒಂದೇ ಇದೆ."

ಎರಡೂ ಬೇಡ ಅಂದೆ. ಅವನಿಗೆ ನಂಬಿಕೆ ಬರಲಿಲ್ಲ. ಒಂದೇ ದುಡ್ಡಿಗೆ 20 ಸಿಗುವಾಗ 8 ತಗೊಳ್ಳುವವನು ದಡ್ಡ ಅನ್ನೋ ಹಾಗೆ ನೋಡಿದ. ತಪ್ಪು ಅವನದಲ್ಲ. ಆರು ವರ್ಷದ ಹಿಂದೆ ನಾನೂ ಹಾಗೇ ನೋಡಿದ್ದೆ. ಈ ಲೇಖನ ದುಡ್ಡು ಕಳಕೊಂಡು ಕಲಿತವನ ಜಗಳ ಅಂತ ಇಟ್ಟುಕೊಳ್ಳಿ.

ನಮ್ಮೂರು ಬಾಗಲವಾಡ. ರಾಯಚೂರು ಜಿಲ್ಲೆ, ಮಾನವಿ ಸೀಮೆ. ಸಣ್ಣವನಿದ್ದಾಗ ಜೋಳ ಹಾಲುಗಾಳಿಗೆ ಬಂತಂದ್ರೆ ಸಾಲಿ ಬಿಟ್ಟು ಹೊಲದಾಗ ಹಕ್ಕಿ ಕಾಯೋ ಕೆಲಸ. ಅಟ್ಟದ ಮೇಲೆ ನಿಂತು ಕವಣಿ ಬೀಸಬೇಕು, ಬಾಯಿ ಮಾಡಬೇಕು. ಚಳಿಗಾಲಕ್ಕೆ ಮೋಡದ ಹಾಗೆ ಗುಂಪುಗುಂಪಾಗಿ ಬರುತ್ತಿದ್ದ ಒಂದು ಹಕ್ಕಿಯ ಮೇಲೆ ನಾನು ಎಷ್ಟು ಕಲ್ಲು ತೂರಿದ್ದೇನೋ ಲೆಕ್ಕವಿಲ್ಲ. ಅದು ಗುಲಾಬಿ ಕಬ್ಬಕ್ಕಿ, ಕಜಕಸ್ತಾನದಂಥ ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ನಮ್ಮ ಜೋಳದ ತನಕ ಹಾರಿಕೊಂಡು ಬರುತ್ತದೆ ಅನ್ನೋದು ಗೊತ್ತಾಗಿದ್ದು ಬಿಇ ಮುಗಿಸಿ ಬೆಂಗಳೂರಿಗೆ ಬಂದು ನಾಲ್ಕು ವರ್ಷವಾದ ಮೇಲೆ. ಅದರ ಮೈ ಗುಲಾಬಿ ಬಣ್ಣ ಅನ್ನೋದೂ ಆಗಲೇ. ಕವಣಿ ಕಲ್ಲು ಹೋಗುವಷ್ಟು ದೂರದಿಂದ ಅದು ಬರೀ ಕಪ್ಪು ಚುಕ್ಕಿಯಾಗಿತ್ತು.

ಅದಕ್ಕೇ ಸಂಬಳ ಸ್ವಲ್ಪ ಏರಿದ ಕೂಡಲೇ ಒಂದು ದುರ್ಬೀನು ತರಿಸಿದೆ. 20×50. ಡಬ್ಬದ ಮೇಲೆ ಹದ್ದಿನ ಚಿತ್ರ, ಕೆಂಪಗೆ ಮಿಂಚೋ ಗಾಜು. ಸಂಕ್ರಾಂತಿಗೆ ಊರಿಗೆ ಹೋದಾಗ ಅಪ್ಪನನ್ನ ಹೊಲದ ಬದುವಿಗೆ ಕರಕೊಂಡು ಹೋಗಿ ಕೈಗೆ ಕೊಟ್ಟೆ. ಅಪ್ಪ ಕಣ್ಣಿಗಿಟ್ಟುಕೊಂಡು ಬಹಳ ಹೊತ್ತು ಆ ಕಡೆ ಈ ಕಡೆ ತಿರುಗಿಸಿದ. ಆಮೇಲೆ ಇಳಿಸಿ ಹೇಳಿದ: "ತಮ್ಮಾ, ಭೂಮೀನ ಅಳ್ಳಾಡಾಕತ್ತೈತಲ್ಲೋ. ಹಕ್ಕಿ ಎಲ್ಲೈತಿ?"

ನನಗೆ ಬೇಜಾರಾಗದಿರಲಿ ಅಂತ ಇನ್ನೊಂದು ಮಾತು ಸೇರಿಸಿದ: "ನನ್ನ ಕಣ್ಣೇ ಮಂಜಾಗ್ಯಾವೇನೋ ಬಿಡು."

ಆ ಎರಡನೇ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಅಪ್ಪನ ಕಣ್ಣು ಚೆನ್ನಾಗಿಯೇ ಇತ್ತು. ನಾನು ತಂದ ವಸ್ತು ಕೆಟ್ಟದಿತ್ತು. ಕೆಟ್ಟ ವಸ್ತು ಮಾರುವವರ ದೊಡ್ಡ ಗೆಲುವೇ ಇದು: ಕೊಂಡವನು ತನ್ನ ಕಣ್ಣನ್ನೇ ಅನುಮಾನಿಸುತ್ತಾನೆ.

ಈಗ ಲೆಕ್ಕಕ್ಕೆ ಬರೋಣ. ಬೈನಾಕ್ಯುಲರ್ ಮೇಲೆ ಎರಡು ಅಂಕಿ ಇರುತ್ತವೆ. 8×42 ಅಂದರೆ ಎಂಟು ಪಟ್ಟು ಹತ್ತಿರ ಕಾಣಿಸುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್. ಮೊದಲ ಅಂಕಿ ಹಕ್ಕಿಯನ್ನಷ್ಟೇ ಹಿಗ್ಗಿಸುವುದಿಲ್ಲ, ನಿಮ್ಮ ಕೈ ನಡುಕವನ್ನೂ ಅಷ್ಟೇ ಪಟ್ಟು ಹಿಗ್ಗಿಸುತ್ತದೆ. ಎಂಟರವರೆಗೆ ಎಲ್ಲರ ಕೈಯೂ ತಡೆಯುತ್ತದೆ, ಹತ್ತಕ್ಕೆ ಕೆಲವರದು ತಡೆಯುತ್ತದೆ, ಇಪ್ಪತ್ತಕ್ಕೆ ಸ್ಟ್ಯಾಂಡ್ ಬೇಕೇಬೇಕು.

ಎರಡನೇ ಅಂಕಿಯನ್ನ ಮೊದಲನೆಯದರಿಂದ ಭಾಗಿಸಿ. 42 ಭಾಗಿಸು 8, ಐದು ಕಾಲು. ಅಂದರೆ ಕಣ್ಣಿನ ಕಡೆಯ ಗಾಜಿನಿಂದ ಹೊರಬರುವ ಬೆಳಕಿನ ಬಿಲ್ಲೆ ಐದು ಕಾಲು ಮಿಲಿಮೀಟರ್ ಅಗಲ. ನನ್ನ ಇಪ್ಪತ್ತರದ್ದು ಬರೀ ಎರಡೂವರೆ. ಮಧ್ಯಾಹ್ನದ ಬಿಸಿಲಿಗೆ ನಮ್ಮ ಪಾಪೆ ಎರಡು-ಮೂರು ಮಿಲಿಮೀಟರಿಗೆ ಕುಗ್ಗಿರುತ್ತದೆ, ಆಗ ವ್ಯತ್ಯಾಸ ಗೊತ್ತಾಗದು. ಆದರೆ ಹಕ್ಕಿಗಳು ಓಡಾಡೋದು ಬೆಳಕು ಹರಿಯುವಾಗ, ಹೊತ್ತು ಮುಳುಗುವಾಗ. ಆಗ ಪಾಪೆ ಐದು-ಆರಕ್ಕೆ ಅರಳಿರುತ್ತದೆ. ಬೆಳಕು ಮಾತ್ರ ಎರಡೂವರೆಯ ಕಿಂಡಿಯಿಂದಲೇ ಬರಬೇಕು. ಕತ್ತಲು ಕಾಣದೆ ಇನ್ನೇನು ಕಂಡೀತು?

ಇನ್ನು ಅಗಲ. ಒಳ್ಳೆಯ 8×42ರಲ್ಲಿ ಒಂದು ಕಿಲೋಮೀಟರ್ ದೂರದಲ್ಲಿ ಸುಮಾರು 130 ಮೀಟರ್ ಅಗಲದ ನೋಟ ಸಿಗುತ್ತದೆ. ಇಪ್ಪತ್ತರಲ್ಲಿ ಅದರ ಅರ್ಧವೂ ಇಲ್ಲ. ಹತ್ತಿ ಹೊಲದ ಮೇಲೆ ತೇಲುತ್ತ ಹೋಗುವ ಸೆಳೆವ ಹಕ್ಕಿಯನ್ನ ಆ ಸಂದಿಯಲ್ಲಿ ಹುಡುಕೋದು ಅಂದರೆ ಕೀಲಿ ಕಿಂಡಿಯಲ್ಲಿ ಜಾತ್ರೆ ತೇರು ನೋಡಿದ ಹಾಗೆ.

ಇಷ್ಟು ಭಾಗಾಕಾರ ಆರನೇ ಕ್ಲಾಸಿನ ಹುಡುಗನಿಗೂ ಬರುತ್ತದೆ. ಆದರೂ ಆನ್‌ಲೈನ್ ಅಂಗಡಿಗಳಲ್ಲಿ 50, 100 ಅನ್ನೋ ಅಂಕಿಗಳು ರಾಜಾರೋಷವಾಗಿ ಕೂತಿವೆ. ಅಂಗೈಯಲ್ಲಿ ಹಿಡಿಸುವ ಬೈನಾಕ್ಯುಲರಿಗೆ ನೂರು ಪಟ್ಟು! "ರಾತ್ರಿಯೂ ಕಾಣುತ್ತದೆ" ಅಂತ ಬೇರೆ. ಬೆಳಕೇ ಇಲ್ಲದ ಕಡೆ ಗಾಜು ಬೆಳಕು ಹುಟ್ಟಿಸುವುದಿಲ್ಲ ಸ್ವಾಮಿ. ಕೆಂಪಗೆ ಮಿಂಚುವ ಗಾಜನ್ನ ಕಂಡರೆ ದೂರ ಇರಿ: ಅದು ಕೆಂಪು ಬೆಳಕನ್ನ ಹೊರಗೇ ಎಸೆಯುತ್ತದೆ, ನಿಮಗೆ ಉಳಿಯೋದು ಹಸಿರು ಬಳಿದ ಹಕ್ಕಿ. ನಮ್ಮ ಐಟಿ ಮಂದಿಗೂ ಇದರಲ್ಲಿ ಪಾಲಿದೆ. ದೊಡ್ಡ ಅಂಕಿ ಅಂದರೆ ಒಳ್ಳೆ ಮಾಲು ಅಂತ ಮೆಗಾಪಿಕ್ಸೆಲ್ ಕಾಲದಿಂದ ಜನರಿಗೆ ಪಾಠ ಹೇಳಿದವರು ನಾವೇ.

ಹಾಗಾದರೆ ಏನು ನೋಡಿ ತಗೋಬೇಕು? ಅಂಗಡಿಗೆ ಹೋಗಿ, ಹತ್ತು ನಿಮಿಷ ಸಾಕು. 8×42 ಅಥವಾ 8×40 ಕೇಳಿ. ಒಳಗಿನ ಪ್ರಿಸ್ಮ್ ಬಿಎಕೆ-4 ಇರಲಿ. ತೋಳು ಚಾಚಿ ಹಿಡಿದು ಕಣ್ಣಿನ ಕಡೆಯ ಗಾಜು ನೋಡಿದರೆ ಬೆಳಕಿನ ಬಿಲ್ಲೆ ಪೂರ್ತಿ ದುಂಡಗೆ ಕಾಣಬೇಕು, ಅಂಚು ಚೌಕಾಗಿ ಕತ್ತರಿಸಿದ ಹಾಗೆ ಬೂದು ಬಣ್ಣ ಕಂಡರೆ ವಾಪಸ್ ಇಡಿ. ಗಾಜಿನ ಮೇಲಿನ ಪ್ರತಿಬಿಂಬ ಮಂದ ಹಸಿರೋ ನೇರಳೆಯೋ ಇದ್ದರೆ ಲೇಪನ ಚೆನ್ನಾಗಿದೆ. ಚಾಳೀಸು ಹಾಕುವವರು ಐ ರಿಲೀಫ್ 15-16 ಮಿಲಿಮೀಟರಿಗಿಂತ ಕಡಿಮೆ ಇರೋದನ್ನ ಮುಟ್ಟಬೇಡಿ. ದೂರದ ಕರೆಂಟ್ ಕಂಬ ನೋಡಿ: ಎರಡು ಕಂಬ ಕಂಡರೆ, ತಲೆ ಭಾರ ಅನಿಸಿದರೆ ಎರಡು ಕೊಳವೆ ಒಂದೇ ಸಾಲಿನಲ್ಲಿಲ್ಲ ಅಂತ ಅರ್ಥ. ಝೂಮ್ ಇರೋದು ಬೇಡವೇ ಬೇಡ.

ತಂದ ಮೇಲೆ ಒಂದು ಕೆಲಸ ಮಾಡಿ, ಮುಕ್ಕಾಲು ಜನ ಮಾಡಲ್ಲ. ಬಲಗಣ್ಣಿನ ಕಡೆ ಮುಚ್ಚಿ ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಚಿತ್ರ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡ ಮುಚ್ಚಿ, ಬಲಗಣ್ಣಿನ ಬಳಿ ಇರುವ ಬಳೆಯನ್ನಷ್ಟೇ ತಿರುಗಿಸಿ ಸರಿ ಮಾಡಿ. ಇದಾದ ಮೇಲೆ ನಡುವಿನ ಚಕ್ರ ಒಂದೇ ಸಾಕು. ಸೂರ್ಯನ ಕಡೆ ಮಾತ್ರ ಎಂದೂ ತಿರುಗಿಸಬೇಡಿ, ಕಣ್ಣು ಹೋಗುತ್ತದೆ.

ಸ್ಪಾಟಿಂಗ್ ಸ್ಕೋಪ್ ಬಗ್ಗೆ ಕೇಳುವವರಿದ್ದಾರೆ. ಅದು 20ರಿಂದ 60 ಪಟ್ಟು ತೋರಿಸುವ ಒಂಟಿ ಕೊಳವೆ, ಕಾಲುಮಣೆಯಂಥ ಗಟ್ಟಿ ಟ್ರೈಪಾಡ್ ಇಲ್ಲದೆ ಕೆಲಸಕ್ಕೆ ಬಾರದು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನ ದಡದಲ್ಲೇ ನಿಂತು, ಹೆದರಿಸದೆ ನೋಡೋಕೆ ಅದರಂಥದ್ದು ಇನ್ನೊಂದಿಲ್ಲ. ಆದರೆ ನಮ್ಮ ಸೀಮೆಯ ಎರಿ ಹೊಲದಲ್ಲಿ ಹತ್ತು ಗಂಟೆ ದಾಟಿದರೆ ನೆಲದಿಂದ ಝಳ ಏಳುತ್ತದೆ. ಅಲ್ಲಿ 40 ಪಟ್ಟು ಇಟ್ಟರೆ ಹಕ್ಕಿಯ ಬದಲು ಕುದಿಯುವ ಎಸರು ಕಾಣುತ್ತದೆ. ಎರಡು ಲಕ್ಷದ ಗಾಜೂ ಬಿಸಿ ಗಾಳಿಯನ್ನ ಗೆಲ್ಲಲಾರದು. ಸ್ಕೋಪ್ ಐದಾರು ಜನ ಸೇರಿ ತಗೊಳ್ಳೋ ವಸ್ತು, ಒಬ್ಬನ ಕಪಾಟಿನಲ್ಲಿ ಕೂರೋದಲ್ಲ.

ಇನ್ನೊಂದು ಗುಂಪಿನ ಜೊತೆಗೂ ನನ್ನ ಜಗಳವಿದೆ. ಅವರಿಗೆ ಎಂಟರ ಗುಟ್ಟು ಚೆನ್ನಾಗಿ ಗೊತ್ತು. ಬೆಂಗಳೂರಿನ ಕೆರೆಯೊಂದರ ದಂಡೆಯಲ್ಲಿ ಭಾನುವಾರ ಬೆಳಿಗ್ಗೆ ಹಕ್ಕಿ ನೋಡುವವರ ಜೊತೆ ಹೋಗಿದ್ದೆ. ಒಬ್ಬರು ನನ್ನ ಕುತ್ತಿಗೆಯಲ್ಲಿ ನೇತಾಡುತ್ತಿದ್ದುದನ್ನ ನೋಡಿ, "ಯಾವ ಗ್ಲಾಸು?" ಅಂದರು. ಹೇಳಿದೆ. "ಓ, ಶುರುವಿಗೆ ಪರವಾಗಿಲ್ಲ" ಅಂದರು. ಅವರದು ಯುರೋಪಿನದು, ಲಕ್ಷ ದಾಟಿದ್ದು. ಸ್ವರೋವ್‌ಸ್ಕಿ, ಝೈಸ್, ಲೈಕಾ ಕೆಟ್ಟವು ಅಂತ ನಾನೆಲ್ಲೂ ಹೇಳಲ್ಲ. ಕಣ್ಣಿಗಿಟ್ಟು ನೋಡಿದೀನಿ, ಅಂಚಿನವರೆಗೂ ಕತ್ತರಿಸಿದಷ್ಟು ಚೊಕ್ಕ, ಮುಸ್ಸಂಜೆಗೂ ಬಣ್ಣ ಕಾಣುತ್ತದೆ. ಆದರೆ ಹತ್ತು ಸಾವಿರದ ಆಸುಪಾಸಿನ ಒಳ್ಳೆಯ 8×42ಕ್ಕಿಂತ ಅದು ಹತ್ತು ಪಟ್ಟು ಹಕ್ಕಿ ತೋರಿಸುತ್ತದಾ? ಇಲ್ಲ. ಏನೂ ಇಲ್ಲದ ಬರಿಗಣ್ಣಿಗೂ ಹತ್ತು ಸಾವಿರದ್ದಕ್ಕೂ ಇರುವ ಅಂತರ ಬಾವಿಯಷ್ಟು ಆಳ. ಅಲ್ಲಿಂದ ಲಕ್ಷದ್ದಕ್ಕೆ ಇರೋದು ಒಂದು ಮೆಟ್ಟಿಲು. ನಾವು ಆ ಮೆಟ್ಟಿಲಿನ ಬಗ್ಗೆ ತಾಸುಗಟ್ಟಲೆ ಮಾತಾಡುತ್ತೇವೆ, ಬಾವಿಯ ಬಗ್ಗೆ ತುಟಿ ಬಿಚ್ಚುವುದಿಲ್ಲ.

ಆ ಬಾವಿಯ ಆಚೆ ನಿಂತವರು ಯಾರು? ಕುರಿ ಕಾಯೋರು, ಕಳೆ ತೆಗೆಯೋರು, ಅಟ್ಟದ ಮೇಲೆ ಕವಣಿ ಬೀಸೋ ಹುಡುಗರು. ಹಕ್ಕಿಗಳ ಜೊತೆ ದಿನಾ ಇರುವವರು ಅವರೇ. ರಾಯಚೂರು ನಿಜಾಮರ ಸಂಸ್ಥಾನದಲ್ಲಿದ್ದ ಕಾಲಕ್ಕೆ, 1931-32ರಲ್ಲಿ, ಸಲೀಂ ಅಲಿ ಹೈದರಾಬಾದ್ ರಾಜ್ಯದ ಪಕ್ಷಿ ಸಮೀಕ್ಷೆ ಮಾಡಿದರು. ಆ ಕಾಲದ ಪದ್ಧತಿ ಬಂದೂಕಿನದು: ಹಕ್ಕಿ ಹೊಡೆದು, ಚರ್ಮ ಬಿಡಿಸಿ, ಚೀಟಿ ಕಟ್ಟಿ ಸಂಗ್ರಹಾಲಯಕ್ಕೆ ಕಳಿಸಬೇಕಿತ್ತು. ಇವತ್ತು ಕೊಲ್ಲದೆಯೇ ಗುರುತು ಹಿಡಿಯಬಹುದು, ಬರೆದಿಡಬಹುದು. ಸಾಧನ ಅಷ್ಟು ಅಗ್ಗವಾಗಿದೆ, ಆದರೂ ನಮ್ಮ ಹಳ್ಳಿಗೆ ಬಂದಿಲ್ಲ. ತುಂಗಭದ್ರೆಯ ಆಚೆ ದಡ, ಸಿರುಗುಪ್ಪದ ಎರಿ ಹೊಲಗಳಲ್ಲಿ ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಬೆರಳೆಣಿಕೆಯಷ್ಟು ಕಂಡಿದೆ. ಇಡೀ ದೇಶದಲ್ಲೇ ಅಳಿವಿನ ಅಂಚಿಗೆ ಬಂದ ಹಕ್ಕಿ. ನದಿಯ ಈಚೆಗೆ ಅದರದೊಂದು ಎಂದಾದರೂ ಇಳಿದರೆ ಗುರುತು ಹಿಡಿಯೋರು ಯಾರಿದ್ದಾರೆ? ಗೊತ್ತಿಲ್ಲದ ಹಕ್ಕಿ ಇದ್ದರೂ ಇಲ್ಲದ ಲೆಕ್ಕ, ಹೋದರೂ ಹೋಗದ ಲೆಕ್ಕ.

"ಕ್ಯಾಮೆರಾ ಇದೆಯಲ್ಲ, ದುರ್ಬೀನು ಯಾಕೆ?" ಅನ್ನೋರಿಗೂ ಒಂದು ಮಾತು. ಫೋಟೋ ಬೇಕು, ಸಾಕ್ಷಿಗೆ ಬೇಕು, ಅನುಮಾನ ಬಗೆಹರಿಸೋಕೆ ಬೇಕು. ನಾನೂ ತೆಗೀತೀನಿ. ಆದರೆ ಕ್ಯಾಮೆರಾದವನಿಗೆ ಹಕ್ಕಿ ಹತ್ತಿರ ಬೇಕು, ಇನ್ನೂ ಹತ್ತಿರ ಬೇಕು, ಕೊನೆಗೆ ಗೂಡಿನ ಹತ್ತಿರ ಬೇಕು. ದುರ್ಬೀನಿನವನು ಬದುವಿನ ಮೇಲೆ ಕೂತಲ್ಲೇ ಕೂರಬಹುದು. ಹಕ್ಕಿಗೆ ಅವನ ಕಡೆಯಿಂದ ಯಾವ ತಕರಾರೂ ಇಲ್ಲ.

ಎರಡು ವರ್ಷ ಬಿಟ್ಟು ಮತ್ತೆ ಅದೇ ಬದುವಿಗೆ ಅಪ್ಪನನ್ನ ಕರಕೊಂಡು ಹೋದೆ. ಈ ಸಲ 8×42. ಕೊಯ್ದ ಜೋಳದ ಕೂಳೆಯಲ್ಲಿ ನಾಲ್ಕು ಕಪ್ಪು ಹಕ್ಕಿ ಕೊಕ್ಕು ಬಾಗಿಸಿ ಮೇಯುತ್ತಿದ್ದವು. ಪುಸ್ತಕದಲ್ಲಿ ಕರಿ ಕೆಂಬರಲು, ನಮ್ಮ ಮನೆಯಲ್ಲಿ ಕರಿ ಕೊಕ್ಕರಿ. ಅಪ್ಪ ಕಣ್ಣಿಗಿಟ್ಟ. ಚಕ್ರ ತಿರುಗಿಸಿದ. ಆಮೇಲೆ ಬೆರಳು ನಿಂತಿತು. ಉಸಿರೂ ನಿಂತಿತೇನೋ ಅನ್ನೋಷ್ಟು ಹೊತ್ತು ಸುಮ್ಮನಿದ್ದ.

"ಲೇ ತಮ್ಮಾ, ಇದರ ತಲಿಮ್ಯಾಗ ಕೆಂಪು ಟೊಪ್ಪಿಗಿ ಐತಲ್ಲೋ! ಭುಜದಾಗ ಬಿಳಿ ಮಚ್ಚಿ ಬ್ಯಾರೆ. ಅರವತ್ತು ವರ್ಷ ಇದರ ಕೂಡನ ಹೊಲ ಮಾಡೀನಿ. ಒಂದು ದಿನಾನೂ ಗೊತ್ತಾಗಲಿಲ್ಲ ನೋಡು."

ಆವತ್ತು ಸಂಜೆ ತನಕ ಅದನ್ನ ಕೆಳಗಿಡಲಿಲ್ಲ. ಹೊಲದ ಪಕ್ಕ ಹಾದು ಹೋದವರನ್ನೆಲ್ಲ ಕರೆದು ತೋರಿಸಿದ.

ಆ ಹುಮ್ಮಸ್ಸಿನಲ್ಲಿ ಒಂದು ಸರ್ಕಾರಿ ಶಾಲೆಗೆ ಅಂಥದ್ದೇ ಒಂದನ್ನ ಕೊಟ್ಟೆ. ಊರ ಹೆಸರು ಬೇಡ. ಆರು ತಿಂಗಳು ಬಿಟ್ಟು ಹೋಗಿ ಕೇಳಿದರೆ ಅದು ಬೀರುವಿನಲ್ಲಿ ಭದ್ರವಾಗಿತ್ತು, ಡಬ್ಬದ ಪ್ಲಾಸ್ಟಿಕ್ಕು ಕೂಡ ಹರಿದಿರಲಿಲ್ಲ. "ಹುಡುಗರು ಒಡದ್ರ ಯಾರು ಜವಾಬ್ದಾರಿ ಸರ್?" ಅಂದರು ಮೇಷ್ಟ್ರು. ಸಿಟ್ಟು ಬಂತು, ಆದರೆ ಅವರ ಭಯ ಸುಳ್ಳಲ್ಲ. ದಾಸ್ತಾನು ಪುಸ್ತಕದಲ್ಲಿ ಬರೆದ ಮೇಲೆ ಒಡೆದರೆ ಉತ್ತರ ಕೊಡಬೇಕಾದವರು ಅವರೇ. "ಒಡದ್ರ ನಾನು ಇನ್ನೊಂದು ಕೊಡ್ತೀನ್ರಿ" ಅಂತ ಹಾಳೆ ಮೇಲೆ ಬರೆದು ಸಹಿ ಮಾಡಿ ಕೊಟ್ಟೆ, ಜೊತೆಗೆ ತೇಜಸ್ವಿಯವರ 'ಹಕ್ಕಿ ಪುಕ್ಕ' ಇಟ್ಟು ಬಂದೆ. ಈಗ ಶನಿವಾರ ಶನಿವಾರ ಹೊರಗೆ ಬರುತ್ತದಂತೆ. ಒಂದು ಕಡೆಯ ರಬ್ಬರು ಕಿತ್ತು ಹೋಗಿದೆಯಂತೆ. ಇದಕ್ಕಿಂತ ಒಳ್ಳೆ ಸುದ್ದಿ ನನಗೆ ಬೇಡ.

ಆದ್ದರಿಂದ ಹಳ್ಳಿಯಿಂದ ಬಂದು ನಗರದಲ್ಲಿ ಸಂಬಳ ಎಣಿಸುತ್ತಿರುವ ನನ್ನಂಥವರಿಗೆ ಹೇಳೋದಿಷ್ಟೆ. 20ರ ಆಸೆ ಬಿಡಿ, ಲಕ್ಷದ ಆಸೆಯನ್ನೂ ಸ್ವಲ್ಪ ದಿನ ಬಿಡಿ. ಎಂಟರದೊಂದು ನಿಮಗೆ, ಎಂಟರದೊಂದು ನಿಮ್ಮೂರ ಶಾಲೆಗೆ. ಎರಡೂ ಸೇರಿದರೂ ನಿಮ್ಮ ಮುಂದಿನ ಮೊಬೈಲಿನ ಅರ್ಧ ಬೆಲೆ ಆಗಲ್ಲ. ಕೊಡುವಾಗ ಒಡೆದರೂ ಪರವಾಗಿಲ್ಲ ಅಂತ ಬರೆದುಕೊಡಿ.

ಕ್ಯಾಂಟೀನಿನ ಗೆಳೆಯನಿಗೆ ಇಷ್ಟನ್ನೂ ಹೇಳಿದೆ. ಕಾಫಿ ಆರಿ ಹೋಯಿತು. ಎಲ್ಲಾ ಕೇಳಿ, "ಸರಿ, ಲಿಂಕ್ ಕಳಿಸು" ಅಂದ.

ಕಳಿಸಲ್ಲ. ಅಂಗಡಿಗೆ ಹೋಗು, ಕಣ್ಣಿಗಿಟ್ಟು ನೋಡು. ಭೂಮಿ ಅಳ್ಳಾಡಿದರೆ ವಾಪಸ್ ಇಟ್ಟು ಬಾ.