ಕಲ್ಲುಗೋಡೆಯೊಳಗಿನ ಆಟ

ಫೋರ್ಟಿನ ಕೋಟೆಗೋಡೆಗಳನ್ನು 1860ರ ದಶಕದಲ್ಲೇ ಕೆಡವಲಾಯಿತು. ಆದರೆ ಅನಂತರ ಎದ್ದ ಕಟ್ಟಡಗಳ ದಪ್ಪ ಕಲ್ಲುಗೋಡೆಗಳು ಇಂದಿಗೂ ವೈಫೈಯನ್ನು ತಡೆಯುತ್ತಿವೆ. ಮಕ್ಕಳ ಪ್ಲೇಸ್ಟೇಷನ್ ಆಟ ನಡುನಡುವೆ ನಿಂತೊಡನೆ ನಾವು ಹೆಚ್ಚು ವೇಗದ ಪ್ಲಾನಿಗೆ ಹಣ ತೆರುತ್ತೇವೆ. ಅದು ವ್ಯರ್ಥವೆಂದೇ ನನ್ನ ಅಭಿಪ್ರಾಯ. ಆಟವನ್ನು ಇಳಿಸಿಕೊಳ್ಳಲು ವೇಗ ಬೇಕು. ಆಡುವಾಗ ಬೇಕಾದುದು ಕೆಲವೇ ಎಂಬಿಪಿಎಸ್. ಆಗ ಮುಖ್ಯವಾಗುವುದು ಸಂಕೇತ ಹೋಗಿ ಮರಳಲು ಹಿಡಿಯುವ ಸಮಯ, ಅಂದರೆ ಪಿಂಗ್. ಅದು 50 ಮಿಲಿಸೆಕೆಂಡಿನೊಳಗೆ ಸ್ಥಿರವಾಗಿದ್ದರೆ ಬಹುಪಾಲು ಆಟಗಳಿಗೆ ಸಾಕು.

5 ಗಿಗಾಹರ್ಟ್ಸ್ ಅಲೆ ವೇಗದ್ದು, ಆದರೆ ಗೋಡೆಯೆದುರು ಬೇಗ ಸೋಲುತ್ತದೆ. 2.4 ಗಿಗಾಹರ್ಟ್ಸ್ ಗೋಡೆಯನ್ನು ಹೆಚ್ಚು ಸುಲಭವಾಗಿ ದಾಟುತ್ತದೆ, ಆದರೆ ನೆರೆಮನೆಗಳ ರೌಟರುಗಳ ಗದ್ದಲದಲ್ಲಿ ಸಿಲುಕುತ್ತದೆ. ಆದ್ದರಿಂದ ರೌಟರನ್ನು ಆಟದ ಕೋಣೆಯಲ್ಲೇ ಇಡಬೇಕು. ಅದಾಗದಿದ್ದರೆ ಬಾಗಿಲ ಅಂಚಿನಲ್ಲಿ ಈಥರ್ನೆಟ್ ಕೇಬಲ್ ಎಳೆದು, ಆ ಕೋಣೆಗೊಂದು ಆಕ್ಸೆಸ್ ಪಾಯಿಂಟ್ ಜೋಡಿಸಬೇಕು.

ಆಟಕ್ಕಾಗಿ ಇಷ್ಟೆಲ್ಲ ಏಕೆಂದು ಹಿರಿಯರು ಕೇಳಬಹುದು. ಒಂದು ಕಾಲಕ್ಕೆ ಇದೇ ಫೋರ್ಟಿನ ರಾತ್ರಿಶಾಲೆಗಳು ಹೋಟೆಲಿನಲ್ಲಿ ದುಡಿಯುವ ಹುಡುಗರಿಗೆ ಕನ್ನಡ ಕಲಿಸಿದವು. ಇಂದು ನಮ್ಮ ಮಕ್ಕಳು ಊರಿನ ಚಿಕ್ಕಪ್ಪ, ಅತ್ತೆಯರ ಮಕ್ಕಳೊಡನೆ ಯಾರ ಒತ್ತಾಯವೂ ಇಲ್ಲದೆ ಕನ್ನಡದಲ್ಲಿ ಕೂಗಾಡುವುದು ಆಟದ ಹೆಡ್‌ಸೆಟ್ಟಿನಲ್ಲಿ. ಆ ಮಾತು ತುಂಡಾಗಬಾರದು.