ತಂದೆಯನ್ನು ಮಣ್ಣು ಮಾಡಿದ ಇಬ್ಬರು ಮಕ್ಕಳು

ಇಸ್ರೇಲಿನಲ್ಲೋ ಗಾಜಾದಲ್ಲೋ ಬಾಂಬು ಬಿದ್ದಾಗಲೆಲ್ಲ ನಮ್ಮ ಕ್ರೈಸ್ತ ಬಂಧುಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ವಾದ ತಪ್ಪದೆ ಹಾಜರಾಗುತ್ತದೆ: ಇದು ಇಸಾಕ ಮತ್ತು ಇಷ್ಮಾಯೇಲರ ಹಳೆಯ ಜಗಳ, ದೇವರು ಇಸಾಕನ ಕಡೆ, ನಾವೂ ಅಲ್ಲೇ ನಿಲ್ಲಬೇಕು. ಗಲ್ಫಿನಲ್ಲಿ ಅರಬರ ಅನ್ನ ಉಣ್ಣುತ್ತಲೇ ಹೀಗೆ ಬರೆಯುವವರನ್ನು ನಾನು ಬಲ್ಲೆ. ರಾಜಕೀಯದ ಮಾತು ಆಮೇಲಿರಲಿ. ಈ ವಾದ ಬೈಬಲಿನಲ್ಲೇ ಇಲ್ಲ ಎಂಬುದು ನನ್ನ ಮೊದಲ ತಕರಾರು.

ಆದಿಕಾಂಡ ತೆರೆಯಿರಿ. 17ನೇ ಅಧ್ಯಾಯದಲ್ಲಿ ಒಡಂಬಡಿಕೆ ಇಸಾಕನಿಗೆ, ನಿಜ. ಆದರೆ ಅಲ್ಲೇ ಇಷ್ಮಾಯೇಲನಿಗೂ ಆಶೀರ್ವಾದವಿದೆ: ಅವನಿಂದ ಹನ್ನೆರಡು ಪ್ರಭುಗಳು, ಒಂದು ದೊಡ್ಡ ಜನಾಂಗ. 21ನೇ ಅಧ್ಯಾಯದಲ್ಲಿ, ಮರುಭೂಮಿಯಲ್ಲಿ ನೀರಿಲ್ಲದೆ ಬಿದ್ದ ಆ ಹುಡುಗನ ದನಿ ದೇವರಿಗೆ ಕೇಳಿಸುತ್ತದೆ. ಅವನ ಹೆಸರಿನ ಅರ್ಥವೇ 'ದೇವರು ಕೇಳುತ್ತಾನೆ'. 25ನೇ ಅಧ್ಯಾಯದಲ್ಲಿ ಅಬ್ರಹಾಮ ತೀರಿಕೊಂಡಾಗ ಮಕ್ಪೇಲದ ಗವಿಯಲ್ಲಿ ಅವನನ್ನು ಮಣ್ಣು ಮಾಡಿದವರು ಇಬ್ಬರೂ ಮಕ್ಕಳು, ಜೊತೆಯಾಗಿ. ಆ ಮನೆಯಿಂದ ಒಬ್ಬನನ್ನು ಹೊರಗಿಡಲು ನಾವು ಯಾರು?

ಆ ಗವಿ ಹೆಬ್ರೋನಿನಲ್ಲಿದೆ. 1929ರಲ್ಲಿ ಆ ಊರಿನಲ್ಲಿ 67 ಯಹೂದ್ಯರ ಕೊಲೆಯಾಯಿತು. 1994ರಲ್ಲಿ ಅದೇ ಸಮಾಧಿಯ ಮೇಲಿನ ಮಸೀದಿಯಲ್ಲಿ, ನಮಾಜಿನಲ್ಲಿದ್ದ 29 ಮುಸ್ಲಿಮರನ್ನು ಯಹೂದ್ಯನೊಬ್ಬ ಗುಂಡಿಟ್ಟು ಕೊಂದ. ಇವು ನೆಲದ, ಭಯದ, ಅಧಿಕಾರದ ಜಗಳಗಳು. ಕೊಂದವರು ನಮ್ಮ ಕಾಲದ ಮನುಷ್ಯರು. ತಪ್ಪನ್ನೆಲ್ಲ ಇಷ್ಮಾಯೇಲನ ತಲೆಗೆ ಕಟ್ಟಿದರೆ ಯಾರೂ ಲೆಕ್ಕ ಕೊಡಬೇಕಾಗಿಲ್ಲ.

ಇನ್ನೊಂದು ಕಡೆಯವರಿಗೂ ಮಾತಿದೆ. ಪ್ಯಾಲೆಸ್ಟೀನಿಯರ ಮೇಲಿನ ಕನಿಕರದಲ್ಲಿ ಯಹೂದ್ಯರನ್ನೇ ಹೀಗಳೆಯುವ ಕ್ರೈಸ್ತರು ಸ್ವಂತ ಚರಿತ್ರೆ ಓದಲಿ. 1099ರಲ್ಲಿ ಜೆರುಸಲೇಮಿಗೆ ನುಗ್ಗಿದ ಶಿಲುಬೆ ಯೋಧರು ಮುಸ್ಲಿಮರನ್ನೂ ಯಹೂದ್ಯರನ್ನೂ ಕಡಿದರು. 1543ರಲ್ಲಿ ಮಾರ್ಟಿನ್ ಲೂಥರ್ ಯಹೂದ್ಯರ ಸಿನಗಾಗ್‌ಗಳಿಗೆ ಬೆಂಕಿ ಇಡಬೇಕೆಂದು ಬರೆದ. ಯೇಸುವಿನ ಸಾವಿಗೆ ಇಡೀ ಯಹೂದ್ಯ ಕುಲವನ್ನು ದೂರಬಾರದೆಂದು ಕಥೋಲಿಕ ಸಭೆ 'ನೋಸ್ತ್ರಾ ಏತಾತೆ' ಘೋಷಣೆಯಲ್ಲಿ ಹೇಳಿದ್ದು 1965ರಲ್ಲಿ. ಮುಸ್ಲಿಮರನ್ನು ಗೌರವದಿಂದ ಕಾಣುತ್ತೇವೆಂದು ಹೇಳಿದ್ದೂ ಅದೇ ಘೋಷಣೆ. ಎರಡೂ ಮನೆಗೆ ನಾವು ಸಾಲಗಾರರು. ಸಾಲಗಾರ ಪಂಚಾಯಿತಿಕಟ್ಟೆ ಹತ್ತಿ ತೀರ್ಪು ಕೊಡುವುದು ಯಾವ ನ್ಯಾಯ?

ಹಾಗಾದರೆ ಬಾಯಿ ಮುಚ್ಚಿಕೊಂಡಿರಬೇಕೇ? ಇಲ್ಲ, ಕೊಂದವನನ್ನು ಕೊಂದವನೆಂದೇ ಕರೆಯೋಣ, ಯಾವ ಕುಲದವನಾದರೂ. ಜೊತೆಗೆ ಮಾಡುವ ಕೆಲಸವೂ ಇದೆ. ಈಜಿಪ್ಟಿನ ಯಹೂದ್ಯ ಮನೆತನದಲ್ಲಿ ಹುಟ್ಟಿ ಡೊಮಿನಿಕನ್ ಗುರುವಾದ ಬ್ರೂನೋ ಹುಸ್ಸಾರ್, ಲತ್ರೂನ್ ಮಠದ ಜಾಗದಲ್ಲಿ ಒಂದು ಹಳ್ಳಿ ಕಟ್ಟಿದರು. ಹೀಬ್ರೂವಿನಲ್ಲಿ ಅದು ನೆವೆ ಶಾಲೋಮ್, ಅರಬ್ಬಿಯಲ್ಲಿ ವಾಹತ್ ಅಲ್ ಸಲಾಮ್. ಯಹೂದ್ಯರ, ಅರಬರ ಮಕ್ಕಳು ಅಲ್ಲಿ ಒಂದೇ ಶಾಲೆಯಲ್ಲಿ ಎರಡೂ ಭಾಷೆ ಕಲಿಯುತ್ತಾರೆ. ಯುದ್ಧ ಅದರಿಂದ ನಿಂತಿಲ್ಲ. ಆದರೂ ಬರೀ ತೀರ್ಪು ಹೇಳುವ ನಮಗಿಂತ ಅವರು ಬೈಬಲಿಗೆ ಹತ್ತಿರ.

ನಮ್ಮ ಕರಾವಳಿಯವರಿಗೆ ಇದು ದೂರದ ಮಾತಲ್ಲ. ನಮ್ಮವರು ಗಲ್ಫಿನಲ್ಲೂ ದುಡಿಯುತ್ತಾರೆ, ಇಸ್ರೇಲಿನಲ್ಲಿ ವೃದ್ಧರ ಆರೈಕೆಯನ್ನೂ ಮಾಡುತ್ತಾರೆ. ಇನ್ನು ಪವಿತ್ರ ನಾಡಿನ ಯಾತ್ರೆಗೆ ಹೋಗುವವರು ಹಳೆಯ ಕಲ್ಲುಗಳ ಫೋಟೊ ಹಿಡಿದು ಮರಳದಿರಲಿ. ಬೆತ್ಲೆಹೇಮಿನಲ್ಲಿ ದೇವರನ್ನು 'ಅಲ್ಲಾಹ್' ಎಂದೇ ಕರೆದು ಪ್ರಾರ್ಥಿಸುವ ಅರಬ್ ಕ್ರೈಸ್ತರೊಡನೆ ಒಂದು ಪೂಜೆಗೆ ಕೂರಲಿ. ಭಾನುವಾರದ ಪ್ರಾರ್ಥನೆಯಲ್ಲಿ ಸಾರಳ ಮಕ್ಕಳ ಹೆಸರು ಬಂದರೆ ಹಾಗರಳ ಮಕ್ಕಳದ್ದೂ ಬರಲಿ.