ಎಂಜೈಮ್ ಹುಡಿಗೆ ಮೊದಲು ಚಿಪ್ಪಿನ ಹುಡಿ

ಮೊಟ್ಟೆಕೋಳಿಯ ಆಹಾರಕ್ಕೆ ಎಂಜೈಮ್ ಬೆರೆಸಬೇಕೇ? ಐವತ್ತು-ನೂರು ಕೋಳಿ ಸಾಕುವ ನಮ್ಮಂಥವರಿಗೂ ಈಗ ಈ ಹುಡಿಯ ಶಿಫಾರಸು ಬರುತ್ತಿದೆ. ‘ಮೊಟ್ಟೆ ಜಾಸ್ತಿ ಆಗ್ತದೆ, ಸಿಪ್ಪೆ ಗಟ್ಟಿಯಾಗ್ತದೆ’ ಎನ್ನುತ್ತಾರೆ ಮಾರುವವರು. ಹುಡಿ ಕೆಟ್ಟದ್ದಲ್ಲ. ಆದರೆ ಅದರ ಲೆಕ್ಕಾಚಾರ ದೊಡ್ಡ ಫಾರ್ಮಿನದ್ದು. ಅದನ್ನು ಹಾಗೆಯೇ ನಮ್ಮ ಕೋಳಿಗೂಡಿಗೆ ತರುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಎಂಜೈಮ್ ಟಾನಿಕ್ ಅಲ್ಲ. ಜೋಳ, ತೌಡು, ಹಿಂಡಿಗಳಲ್ಲಿರುವ ರಂಜಕದ ಸುಮಾರು ಮೂರನೇ ಎರಡು ಪಾಲು ಫೈಟೇಟ್ ಎಂಬ ರೂಪದಲ್ಲಿ ಗಂಟುಬಿದ್ದಿರುತ್ತದೆ. ಅದನ್ನು ಬಿಡಿಸಿಕೊಳ್ಳುವ ಶಕ್ತಿ ಕೋಳಿಗೆ ಕಡಿಮೆ. ಫೈಟೇಸ್ ಎಂಬ ಎಂಜೈಮ್ ಆ ಗಂಟು ಬಿಚ್ಚುತ್ತದೆ. ಆಗ ಆಹಾರಕ್ಕೆ ಡೈಕ್ಯಾಲ್ಸಿಯಂ ಫಾಸ್ಫೇಟ್ ಕಡಿಮೆ ಹಾಕಿದರೂ ಸಾಕು. ಲಾಭ ಇರುವುದು ಇಲ್ಲಿ. ಅದನ್ನು ಕಡಿಮೆ ಮಾಡದೆ ಹುಡಿಯನ್ನೂ ಸೇರಿಸಿದರೆ ಎರಡೂ ಖರ್ಚು ನಮ್ಮ ತಲೆಗೇ. ಸಿದ್ಧ ಆಹಾರಕ್ಕೆ ಕಂಪೆನಿಯವರೇ ಫೈಟೇಸ್ ಸೇರಿಸಿರುವುದುಂಟು. ಕೇಳಿ ತಿಳಿಯದೆ ಮತ್ತೆ ಹಾಕಿದರೆ ಒಂದೇ ಕೆಲಸಕ್ಕೆ ಎರಡು ಸಂಬಳ.

ಗೋಧಿ, ಬಾರ್ಲಿ ತಿನ್ನಿಸುವ ದೇಶಗಳಲ್ಲಿ ಕ್ಸೈಲನೇಸ್, ಗ್ಲುಕನೇಸ್ ಎಂಬ ಎಂಜೈಮ್‌ಗಳಿಗೆ ಒಳ್ಳೆಯ ಹೆಸರಿದೆ. ಆ ಧಾನ್ಯಗಳ ನಾರು ಕರುಳಿನಲ್ಲಿ ಅಂಟಾಗುತ್ತದೆ, ಎಂಜೈಮ್ ಅದನ್ನು ತೆಳು ಮಾಡುತ್ತದೆ. ನಮ್ಮಲ್ಲಿ ಮುಖ್ಯ ಆಹಾರ ಘಟ್ಟದ ಮೇಲಿಂದ ಬರುವ ಮೆಕ್ಕೆಜೋಳ ಮತ್ತು ಸೋಯಾ ಹಿಂಡಿ. ಇವುಗಳಲ್ಲಿ ಅಂಟಿನ ತೊಂದರೆ ಕಡಿಮೆ. ಅಲ್ಲಿಯ ಫಲಿತಾಂಶವನ್ನು ಇಲ್ಲಿ ಓದಿ ಹೇಳಿದರೆ ಕೋಳಿ ಕೇಳುವುದಿಲ್ಲ.

ಇನ್ನೊಂದು ಸಂಗತಿ. 1991ರಲ್ಲಿ ಫೈಟೇಸ್ ಮಾರುಕಟ್ಟೆಗೆ ಬಂದದ್ದು ನೆದರ್‌ಲ್ಯಾಂಡ್ಸ್‌ನಲ್ಲಿ. ಗೊಬ್ಬರದಲ್ಲಿ ರಂಜಕ ಹೆಚ್ಚಾಗಿ ಅಲ್ಲಿ ನೀರು ಕೆಡುತ್ತಿತ್ತು. ನಮ್ಮಲ್ಲಿ ಕೋಳಿಗೊಬ್ಬರ ಅಡಿಕೆ ಮರದ ಬುಡಕ್ಕೆ ಹೋಗುತ್ತದೆ. ಕೋಳಿ ಬಿಟ್ಟ ರಂಜಕ ತೋಟಕ್ಕೆ ಸಿಕ್ಕಿತಲ್ಲ, ನಷ್ಟ ಎಲ್ಲಿ ಬಂತು?

ಈಗ ಅಳತೆಗೆ ಬರೋಣ. ಒಂದು ಮೊಟ್ಟೆಕೋಳಿ ದಿನಕ್ಕೆ ಸುಮಾರು 110 ಗ್ರಾಂ ತಿನ್ನುತ್ತದೆ ಎಂದಿಟ್ಟುಕೊಳ್ಳಿ. ಐವತ್ತು ಕೋಳಿಗೆ ಐದೂವರೆ ಕಿಲೋ. ಪೊಟ್ಟಣದಲ್ಲಿ ಟನ್ನಿಗೆ 500 ಗ್ರಾಂ ಎಂದು ಬರೆದಿದ್ದರೆ ನಮ್ಮ ದಿನದ ಪಾಲು ಮೂರು ಗ್ರಾಮಿಗೂ ಕಡಿಮೆ. ತಕ್ಕಡಿಗೆ ಸಿಗದ ಇದನ್ನು ಸಮನಾಗಿ ಬೆರೆಸುವುದು ಹೇಗೆ? ಒಂದು ಟನ್ ಆಹಾರ ಮುಗಿಯಲು ಆರು ತಿಂಗಳು ಬೇಕು. ಕನ್ಯಾನದ ಆಟಿ ತಿಂಗಳ ಥಂಡಿಯಲ್ಲಿ ಒಡೆದ ಪೊಟ್ಟಣದ ಗತಿ ಏನೆಂದು ಹೇಳಬೇಕಾಗಿಲ್ಲ. ತೌಡು ಬೇಯಿಸಿ ಕೊಡುವವರು ಇನ್ನೊಂದು ತಿಳಿದಿರಬೇಕು: ಕುದಿಯುವ ತೌಡಿಗೆ ಹಾಕಿದರೆ ಎಂಜೈಮ್ ಸತ್ತಂತೆಯೇ.

ಸಿಪ್ಪೆ ತೆಳುವಾದರೆ ಮೊದಲು ನೋಡಬೇಕಾದ್ದು ಸುಣ್ಣದ ಅಂಶ. ಒಂದು ಮೊಟ್ಟೆಯ ಸಿಪ್ಪೆಯಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇದೆ. ಮೊಟ್ಟೆಕೋಳಿಯ ಆಹಾರದಲ್ಲಿ ಶೇಕಡಾ ಮೂರೂವರೆಯಿಂದ ನಾಲ್ಕರಷ್ಟು ಕ್ಯಾಲ್ಸಿಯಂ ಬೇಕು. ಬರೇ ತೌಡು, ಅಕ್ಕಿನುಚ್ಚಿನಲ್ಲಿ ಅದೆಲ್ಲಿಂದ ಬರಬೇಕು? ಮರುವಾಯಿ ಚಿಪ್ಪನ್ನು ಸುಡದೆ, ತರಿತರಿಯಾಗಿ ಕುಟ್ಟಿ ಬೇರೆ ಗೆರಟೆಯಲ್ಲಿಡಿ. ಸಿಪ್ಪೆ ಹೆಚ್ಚಾಗಿ ಕಟ್ಟುವುದು ರಾತ್ರಿ. ತರಿ ಚೂರು ಹೊಟ್ಟೆಯಲ್ಲಿ ನಿಧಾನ ಕರಗಿ ಆ ಹೊತ್ತಿಗೆ ಒದಗುತ್ತದೆ.

ಮತ್ತೆ ಬೆಳಕು. ಮಳೆಗಾಲದ ಮೋಡದಲ್ಲಿ ಗೂಡು ಕತ್ತಲೆಯಾದರೆ ಮೊಟ್ಟೆ ಇಳಿಯುತ್ತದೆ. ಬೆಳಗಿನ, ಸಂಜೆಯ ದೀಪವೂ ಸೇರಿ ದಿನಕ್ಕೆ 14ರಿಂದ 16 ಗಂಟೆ ಬೆಳಕು ಸಿಗಬೇಕು. ಕುಡಿಯಲು ಶುದ್ಧ ನೀರು, ಬೂಸ್ಟು ಹಿಡಿಯದ ಜೋಳ ಇವೂ ಅಷ್ಟೇ ಮುಖ್ಯ. ತಳಿಯ ಮಿತಿಯೂ ಇದೆ. ಬಿಳಿ ಲೆಗ್‌ಹಾರ್ನ್ ಮುನ್ನೂರರ ಹತ್ತಿರ ಇಟ್ಟೀತು. ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಅದರ ಅರ್ಧದಷ್ಟು. ಊರಕೋಳಿ ಅದಕ್ಕೂ ಕಡಿಮೆ. ಯಾವ ಹುಡಿಯೂ ಊರಕೋಳಿಯನ್ನು ಲೆಗ್‌ಹಾರ್ನ್ ಮಾಡದು.

ಹಾಗಾದರೆ ಎಂಜೈಮ್ ಬೇಡವೇ? ಹತ್ತು ಮನೆಯವರು ಒಟ್ಟಾಗಿ, ಜಾಣರಿಂದ ಲೆಕ್ಕ ಹಾಕಿಸಿ, ತೌಡು ಹೆಚ್ಚಿರುವ ಆಹಾರವನ್ನು ಒಂದೇ ಕಡೆ ಬೆರೆಸಿ ಹಂಚಿಕೊಳ್ಳುವುದಾದರೆ ಖಂಡಿತ ನೋಡಬಹುದು. ಒಬ್ಬೊಬ್ಬರೇ ಕೊಳ್ಳುವುದಾದರೆ ಮಾರುವವರನ್ನು ನಾಲ್ಕು ಪ್ರಶ್ನೆ ಕೇಳಿ: ಇದು ಯಾವ ಎಂಜೈಮ್, ಎಷ್ಟು ಯೂನಿಟ್, ತಯಾರಾದದ್ದು ಯಾವಾಗ, ಇದನ್ನು ಹಾಕಿದರೆ ನನ್ನ ಆಹಾರದಲ್ಲಿ ಯಾವುದನ್ನು ಕಡಿಮೆ ಮಾಡಬಹುದು? ಕೊನೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ ದುಡ್ಡು ಕಿಸೆಯಲ್ಲೇ ಇರಲಿ.